ಮರಗಳ ನೆತ್ತಿಯ ನಡಿಗೆ: ಕಾಡಿಗೆ ಹಗುರವೇ, ಹೊರೆಯೇ?

ಕಾಳಿತೀರ (ದಾಂಡೇಲಿ)

ಮಳೆ ಹಿಂದೆ ಸರಿಯುತ್ತಿದ್ದಂತೆ ಕುವೇಶಿಯ ಬಗ್ಗೆ ವಿಚಾರಿಸುವವರು ಹೆಚ್ಚಾಗಿದ್ದಾರೆ. ಹೊಸಬರಿಗಾಗಿ ಹೇಳುತ್ತೇನೆ: ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಸಮೀಪ, ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ, ಅರಣ್ಯ ಇಲಾಖೆ ಮರಗಳ ನಡುವೆ ಕಟ್ಟಿಸಿರುವ ತೂಗುದಾರಿ ಅದು. ಉದ್ದ ಸುಮಾರು 240 ಮೀಟರ್, ನೆಲದಿಂದ ಎತ್ತರ ಸುಮಾರು 30 ಅಡಿ. ಎಲ್ಲರೂ ಕ್ಯಾನೊಪಿ ವಾಕ್ ಎಂದೇ ಕರೆಯುತ್ತಾರೆ.

ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ: ಎಷ್ಟು ಅಲ್ಲಾಡುತ್ತದೆ, ಫೋಟೊ ಎಲ್ಲಿ ಚೆನ್ನಾಗಿ ಬರುತ್ತದೆ, ಅದೇ ದಿನ ದೂಧಸಾಗರವನ್ನೂ ಮುಗಿಸಬಹುದೇ. ಹೋಗುವವರು ಕೇಳಬೇಕಾದದ್ದೇ. ಆದರೆ ನನ್ನನ್ನು ಕಾಡುವುದು ಬೇರೆ. ನಾನು ಈ ಕಾಡಿನ ಅಂಚಿನಲ್ಲೇ ಹುಟ್ಟಿ ಬೆಳೆದವನು. ಪ್ರವಾಸೋದ್ಯಮದ ಹೆಸರಿನಲ್ಲಿ ಕಾಳಿ ನದಿಯ ದಂಡೆಗೆ ಏನೇನು ಬಂತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಈಗ ಗಾಜಿನ ಸೇತುವೆ, ಜಿಪ್‌ಲೈನ್, ಮರದ ಮೇಲಿನ ನಡಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಾರೆ. ಮೂರನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಮೇಲಿನ ದಾರಿ ನೆಲದ ತುಳಿತವನ್ನು ತಪ್ಪಿಸಿದರೆ ಮಾತ್ರ ಕಾಡಿಗೆ ಉಪಕಾರ. ತುಳಿತ ಹಾಗೆಯೇ ಉಳಿದು ಜನ ಮಾತ್ರ ಹೆಚ್ಚಾದರೆ ಹುಲಿ ಕಾಡಿನೊಳಗೆ ಜಾತ್ರೆ ಸೇರಿಸಿದಂತಾಗುತ್ತದೆ.

ಬೇರೆ ಊರು, ಬೇರೆ ದೇಶಗಳಲ್ಲಿ ಇಂಥವನ್ನು ನೋಡಿದವರು ದಯವಿಟ್ಟು ಬರೆಯಿರಿ. ಅಲ್ಲಿ ಏಕೆ ಕಟ್ಟಿದರು, ಕಟ್ಟಿದ ಮೇಲೆ ಏನಾಯಿತು ಎಂಬುದು ನನಗೆ ಬೇಕು.

ಟಿಂಗಲ್ ನೆರಳು (ಪರ್ತ್, ಆಸ್ಟ್ರೇಲಿಯಾ)

ಏಕೆ ಕಟ್ಟಿದರು ಎಂದು ಕೇಳಿದಿರಲ್ಲ, ಅದಕ್ಕೆ ನೇರ ಉತ್ತರ ನಾನಿರುವ ಪಶ್ಚಿಮ ಆಸ್ಟ್ರೇಲಿಯಾದಲ್ಲೇ ಇದೆ. ರಾಜ್ಯದ ದಕ್ಷಿಣ ಕರಾವಳಿಯಲ್ಲಿ ವಾಲ್ಪೋಲ್ ಎಂಬ ಪುಟ್ಟ ಊರು, ಅದರ ಬಳಿ ಟಿಂಗಲ್ ಮರಗಳ ಕಾಡು. ನೀಲಗಿರಿಯ ಕುಲಕ್ಕೇ ಸೇರಿದ ಮರ, ಆದರೆ ಬುಡದ ಗಾತ್ರ ನೋಡಿದರೆ ನಮ್ಮೂರಿನ ನೀಲಗಿರಿ ತೋಪು ನೆನಪಿಗೂ ಬರುವುದಿಲ್ಲ. ಕಾಳ್ಗಿಚ್ಚಿಗೆ ಸಿಕ್ಕಿ ಬುಡ ಟೊಳ್ಳಾದರೂ ಮರ ಬದುಕಿರುತ್ತದೆ. ಅಂಥ ಒಂದು ಟೊಳ್ಳು ಬುಡದೊಳಗೆ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವುದು ಅಲ್ಲಿಗೆ ಹೋದವರ ವಾಡಿಕೆಯಾಗಿತ್ತು. ಟಿಂಗಲ್ ಬೇರು ಆಳಕ್ಕೆ ಇಳಿಯುವುದಿಲ್ಲ, ಮೇಲ್ಮಣ್ಣಿನಲ್ಲೇ ಹರಡುತ್ತದೆ. ವರ್ಷಗಟ್ಟಲೆ ಚಕ್ರ ಮತ್ತು ಕಾಲುಗಳ ಭಾರಕ್ಕೆ ಮಣ್ಣು ಗಟ್ಟಿಯಾಗಿ ಬೇರಿಗೆ ನೀರು, ಗಾಳಿ ಇಳಿಯದಾಯಿತು. 1990ರಲ್ಲಿ ಆ ಹೆಸರಾಂತ ಮರ ಉರುಳಿಬಿತ್ತು.

ಆಮೇಲೆ ಸರ್ಕಾರ ಜನರನ್ನು ಹೊರಗಿಡಲಿಲ್ಲ, ಮೇಲಕ್ಕೆ ಕಳುಹಿಸಿತು. 1996ರಲ್ಲಿ ಟ್ರೀ ಟಾಪ್ ವಾಕ್ ತೆರೆಯಿತು. ಅತಿ ಎತ್ತರದ ಜಾಗದಲ್ಲಿ ನೆಲದಿಂದ 40 ಮೀಟರ್ ಮೇಲಿರುತ್ತೇವೆ. ಉಕ್ಕಿನ ಕಂಬಗಳ ಮೇಲೆ ನಿಂತಿರುವುದರಿಂದ ಮರಕ್ಕೆ ಭಾರವಿಲ್ಲ. ಕಣಿವೆಯ ಇಳಿಜಾರನ್ನೇ ಬಳಸಿಕೊಂಡಿದ್ದಾರೆ: ದಾರಿ ಸಮತಟ್ಟಾಗಿ ಮುಂದೆ ಸಾಗುತ್ತದೆ, ನೆಲ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಮೆಟ್ಟಿಲೇ ಬೇಕಿಲ್ಲ. ನಡೆಯಲಾಗದ ನನ್ನ ಅತ್ತೆಯವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಪೂರ್ತಿ ಸುತ್ತಿಸಿದ್ದೇವೆ. ಕೆಳಗೆ ಮರಗಳ ಬುಡದ ನಡುವೆ ಹೋಗಲು ಬೇರೆ ಹಲಗೆಯ ಹಾದಿ ಇದೆ. ಹಾದಿ ಬಿಟ್ಟು ಬೇರಿನ ಮೇಲೆ ಕಾಲಿಡುವಂತಿಲ್ಲ.

ಒಂದು ಮರ ಸತ್ತ ಮೇಲೆ ಬಂದ ಬುದ್ಧಿ ಇದು. ಅದಕ್ಕೇ ಈ ದಾರಿಯ ಮೇಲೆ ನನಗೆ ಇಷ್ಟು ಗೌರವ.

ಕೆರೆ ಏರಿ (ಮೈಸೂರು)

ಚೆನ್ನಾಗಿ ಬರೆದಿದ್ದೀರಿ ಮೇಡಂ. ಆದರೆ ನಮ್ಮ ಪಶ್ಚಿಮ ಘಟ್ಟದಲ್ಲಿ ಬೇರು ಸಾಯುವಷ್ಟು ತುಳಿತ ನಿಜವಾಗಿಯೂ ಇದೆಯೇ? ಇಲ್ಲದ ರೋಗಕ್ಕೆ ಮದ್ದು ಹುಡುಕುತ್ತಿದ್ದೇವೆಯೇ?

ಕಾಳಿತೀರ (ದಾಂಡೇಲಿ)

ಇದೆ. 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾಲುಗಟ್ಟಿದ ಜನರ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣವನ್ನು ಸರ್ಕಾರ ನಿಲ್ಲಿಸಿದ್ದು ಅದಾದ ಮೇಲೆಯೇ. ಮಳೆಗಾಲದಲ್ಲಿ ಒಂದೇ ಕಾಲುದಾರಿಯನ್ನು ನೂರಾರು ಜನ ತುಳಿದರೆ ಅದು ಕೆಸರಾಗುತ್ತದೆ. ಕೆಸರು ತಪ್ಪಿಸಲು ಹಿಂದೆ ಬಂದವರು ಪಕ್ಕದ ಗಿಡಗಳ ಮೇಲೆ ಹೆಜ್ಜೆ ಇಡುತ್ತಾರೆ. ಒಂದಾಳು ಅಗಲದ ದಾರಿ ಹೀಗೆಯೇ ಎತ್ತಿನಗಾಡಿ ಹಾದುಹೋಗುವಷ್ಟು ಅಗಲವಾಗುವುದು. ಅಲ್ಲಿ ಮೊಳೆಯಬೇಕಿದ್ದ ಸಸಿಗಳ ಲೆಕ್ಕ ಇಟ್ಟವರು ಯಾರು?

ಉಕ್ಕಿನ ಹಗ್ಗ (ಹುಬ್ಬಳ್ಳಿ)

ಸೇತುವೆಗಳ ವಿನ್ಯಾಸ ನನ್ನ ಕಸುಬು, ಹಾಗಾಗಿ ಕಟ್ಟಡದ ಕಡೆಯಿಂದ ಕೆಲವು ಮಾತು. ಇಂಥ ದಾರಿಗಳಲ್ಲಿ ಎರಡು ಬಗೆ. ವಾಲ್ಪೋಲಿನಲ್ಲಿ ಇರುವಂತೆ ಕಂಬದ ಮೇಲೆ ನಿಲ್ಲಿಸುವುದು ಒಂದು, ಜೀವಂತ ಮರಕ್ಕೇ ಉಕ್ಕಿನ ಹಗ್ಗ ಕಟ್ಟಿ ತೂಗುಬಿಡುವುದು ಇನ್ನೊಂದು. ಎರಡನೆಯದಕ್ಕೆ ಜಗತ್ತಿನಲ್ಲೇ ಹೆಸರಾದದ್ದು ಘಾನಾ ದೇಶದ ಕಾಕುಮ್ ರಾಷ್ಟ್ರೀಯ ಉದ್ಯಾನ. 1995ರಲ್ಲಿ ತೆರೆದ ಏಳು ತೂಗುಸೇತುವೆಗಳ ಸರಣಿ, ಒಟ್ಟು ಉದ್ದ ಸುಮಾರು 350 ಮೀಟರ್. ಕೆನಡಾದ ಇಬ್ಬರು ಎಂಜಿನಿಯರ್‌ಗಳು ಸ್ಥಳೀಯರನ್ನು ಜೊತೆಗೆ ಸೇರಿಸಿಕೊಂಡು ಕಟ್ಟಿದರು. ಮರಕ್ಕೆ ಮೊಳೆ ಹೊಡೆಯದೆ ಹಗ್ಗವನ್ನು ಸುತ್ತಿ ಕಟ್ಟಿರುವುದನ್ನು ಅಲ್ಲಿನ ಹೆಮ್ಮೆಯ ಸಂಗತಿಯಾಗಿ ಹೇಳುತ್ತಾರೆ.

ಇಲ್ಲಿ ಒಂದು ಎಚ್ಚರ ಬೇಕು. ಮೊಳೆ ಇಲ್ಲ ಎಂದ ಮಾತ್ರಕ್ಕೆ ಮರಕ್ಕೆ ನೋವಿಲ್ಲ ಎಂದು ನಮ್ಮವರು ತಿಳಿಯುತ್ತಾರೆ. ಮರದ ಜೀವ ಇರುವುದು ತೊಗಟೆಯ ಕೆಳಗಿನ ತೆಳು ಪದರದಲ್ಲಿ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಅಲ್ಲಿಂದಲೇ. ಕಾಂಡದ ಸುತ್ತ ಬಿಗಿದ ಹಗ್ಗ, ಮರ ದಪ್ಪವಾಗುತ್ತಾ ಹೋದಂತೆ, ಆ ಪದರವನ್ನು ಪೂರ್ತಿ ಸುತ್ತಿನಲ್ಲಿ ಹಿಸುಕುತ್ತದೆ. ಲೆಕ್ಕ ಹಾಕಿ ಕೂರಿಸಿದ ಒಂದೇ ಒಂದು ದಪ್ಪ ಬೋಲ್ಟಿನ ಗಾಯವನ್ನು ಮರ ತಾನೇ ಮುಚ್ಚಿಕೊಳ್ಳುತ್ತದೆ, ಕೊರಳಿಗೆ ಬಿಗಿದ ಉರುಳನ್ನು ಬಿಡಿಸಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಆದ್ದರಿಂದ ಸುತ್ತಿ ಕಟ್ಟುವುದಾದರೆ ಹಗ್ಗ ಮತ್ತು ತೊಗಟೆಯ ನಡುವೆ ಮರದ ತುಂಡುಗಳನ್ನಿಟ್ಟು, ಕಾಲಕಾಲಕ್ಕೆ ಸಡಿಲಿಸುತ್ತಲೇ ಇರಬೇಕು. ಕಟ್ಟುವ ದಿನ ಬರುವ ಹಣಕ್ಕಿಂತ ಈ ನಿರ್ವಹಣೆಗೆ ಪ್ರತಿವರ್ಷ ಬರಬೇಕಾದ ಹಣ ಮುಖ್ಯ. ಉದ್ಘಾಟನೆಯ ಫಲಕದಲ್ಲಿ ಅದು ಕಾಣುವುದಿಲ್ಲ.

ಕಂಬದ ಬಗೆಗೂ ಅದರದೇ ತೊಂದರೆ ಇದೆ. ಅಡಿಪಾಯ ಅಗೆಯಬೇಕು, ಕಾಂಕ್ರೀಟ್ ಬೇಕು, ಅದನ್ನು ಸಾಗಿಸಲು ಲಾರಿ ಬೇಕು, ಲಾರಿಗೆ ರಸ್ತೆ ಬೇಕು. ಬೇರು ಉಳಿಸುವ ನೆಪದಲ್ಲಿ ರಸ್ತೆಗಾಗಿ ಮರ ಕಡಿದರೆ ಅರ್ಥವಿಲ್ಲ. ಸಾಮಾನನ್ನು ಬಿಡಿ ಭಾಗಗಳಾಗಿ ಹೊತ್ತೊಯ್ದು ಅಲ್ಲೇ ಜೋಡಿಸುವಂತೆ ವಿನ್ಯಾಸ ಮಾಡಬಹುದು. ಖರ್ಚು ಹೆಚ್ಚು, ಆದರೆ ಸಾಧ್ಯ.

ಕೊನೆಯದಾಗಿ ಸುರಕ್ಷತೆ: ಒಮ್ಮೆಗೆ ಇಷ್ಟೇ ಜನ ಎಂಬ ಫಲಕವಿದ್ದರೆ ಅದನ್ನು ಶಾಸನವೆಂದೇ ಪಾಲಿಸಿ. ಗುಂಪಾಗಿ ಹೆಜ್ಜೆ ಹೊಂದಿಸಿ ಕುಣಿಯುವುದು ತೂಗುಸೇತುವೆಗೆ ಅತ್ಯಂತ ಕೆಟ್ಟದ್ದು, ತೂಗಾಟ ಒಂದರ ಮೇಲೊಂದು ಸೇರಿ ಬೆಳೆಯುತ್ತದೆ.

ಪುಟ್ಟಿಯ ಅಮ್ಮ (ಶಿವಮೊಗ್ಗ)

ಕೊನೆಯ ಮಾತಿಗೆ ಧನ್ಯವಾದ ಸರ್. ನಾವು ಹೋಗಿದ್ದ ಒಂದು ಖಾಸಗಿ ತಾಣದಲ್ಲಿ (ಹೆಸರು ಬೇಡ) ಹತ್ತಿಪ್ಪತ್ತು ಯುವಕರು ಬೇಕೆಂದೇ ಸೇತುವೆ ಕುಲುಕಿದರು. ಮಗಳು ನಡುವೆಯೇ ಕುಳಿತುಬಿಟ್ಟಳು. ಸಿಬ್ಬಂದಿ ನೋಡುತ್ತಾ ನಿಂತಿದ್ದರು. ಎತ್ತರದ ಭಯ ಇರುವ ಮಕ್ಕಳನ್ನು ಇಂಥ ಕಡೆ ಕರೆದೊಯ್ಯುವುದು ಹೇಗೆ ಎಂದು ತಿಳಿದವರು ಹೇಳಿ. ಅವಳಿಗೆ ಹಕ್ಕಿ ನೋಡುವ ಆಸೆ ತುಂಬಾ ಇದೆ.

ಮ್ಯಾಕ್‌ರಿಚಿ ನಡಿಗೆ (ಸಿಂಗಾಪುರ)

ಪುಟ್ಟಿಯ ಅಮ್ಮ, ಮೊದಲು ನಿಮಗೆ. ಜನ ಕಡಿಮೆ ಇರುವ ಮುಂಜಾನೆ ಹೋಗಿ. ಮಗುವಿಗೆ ಕೆಳಗೆ ನೋಡಬೇಡ ಎಂದು ಹೇಳುವ ಬದಲು ಎದುರಿನ ಕೊಂಬೆಯಲ್ಲಿ ಏನನ್ನಾದರೂ ಹುಡುಕಲು ಹೇಳಿ. ಕಣ್ಣಿಗೆ ಕೆಲಸ ಸಿಕ್ಕರೆ ಕಾಲಿನ ನಡುಕ ಕಡಿಮೆಯಾಗುತ್ತದೆ. ನನ್ನ ಮಗನಿಗೆ ಇದು ಫಲಿಸಿತು.

ಇಲ್ಲಿನ ಮ್ಯಾಕ್‌ರಿಚಿ ಜಲಾಶಯದ ಕಾಡಿನಲ್ಲಿ 2004ರಲ್ಲಿ ತೆರೆದ ಟ್ರೀಟಾಪ್ ವಾಕ್ ಇದೆ. ಎರಡು ಗುಡ್ಡದ ತುದಿಗಳನ್ನು ಜೋಡಿಸುವ 250 ಮೀಟರ್ ತೂಗುಸೇತುವೆ, ನೆಲದಿಂದ ಎತ್ತರ ಗರಿಷ್ಠ 25 ಮೀಟರ್. ಶುಲ್ಕವಿಲ್ಲ. ಆದರೆ ನನಗೆ ಮೆಚ್ಚುಗೆಯಾದದ್ದು ಅದರ ಶಿಸ್ತು. ಒಂದೇ ದಿಕ್ಕಿನಲ್ಲಿ ನಡೆಯಬೇಕು, ಎದುರಿನಿಂದ ಯಾರೂ ಬರುವುದಿಲ್ಲ, ಹಾಗಾಗಿ ತಳ್ಳಾಟವಿಲ್ಲ. ವಾರಕ್ಕೊಂದು ದಿನ, ಸೋಮವಾರ, ಮುಚ್ಚಿರುತ್ತಾರೆ. ವಾಹನ ಸೇತುವೆಯ ಬಾಗಿಲವರೆಗೆ ಬರುವುದಿಲ್ಲ, ಕಾಡಿನ ದಾರಿಯಲ್ಲಿ ಹಲವು ಕಿಲೋಮೀಟರ್ ನಡೆದೇ ತಲುಪಬೇಕು. ಬೆವರು ಸುರಿಸಿ ಬಂದವನು ಅಲ್ಲಿ ಕಿರುಚುವುದಿಲ್ಲ ಎಂಬುದು ನಾನು ಕಂಡುಕೊಂಡ ಸತ್ಯ. ಕಾಡಿನ ಕೋತಿಗಳಿಗೆ ತಿಂಡಿ ಹಾಕಿದರೆ ದಂಡ ಕಟ್ಟಬೇಕು, ಆ ಕಾನೂನು ಹಾಳೆಯ ಮೇಲಷ್ಟೇ ಉಳಿದಿಲ್ಲ.

ನಮ್ಮಲ್ಲಿ ಎಲ್ಲ ತಾಣಗಳಿಗೂ ಮೊದಲು ರಸ್ತೆ, ಪಾರ್ಕಿಂಗ್, ಆಮೇಲೆ ಚಹಾ ಅಂಗಡಿ ಎಂದೇ ಯೋಚಿಸುತ್ತೇವೆ. ತಲುಪುವುದು ಸ್ವಲ್ಪ ಕಷ್ಟವಾಗಿರಲಿ. ಅಷ್ಟರಿಂದಲೇ ಎಷ್ಟೋ ಗದ್ದಲ ಕಡಿಮೆಯಾಗುತ್ತದೆ.

ಟಿಂಗಲ್ ನೆರಳು (ಪರ್ತ್, ಆಸ್ಟ್ರೇಲಿಯಾ)

ಇದನ್ನು ಪೂರ್ತಿ ಒಪ್ಪಲಾರೆ. ಕಷ್ಟಪಟ್ಟು ನಡೆಯಬಲ್ಲವರಿಗೆ ಮಾತ್ರ ಕಾಡು ಎಂದಾದರೆ ನನ್ನ ಅತ್ತೆಯವರಂಥವರು ಎಲ್ಲಿಗೆ ಹೋಗಬೇಕು? ಅವರೂ ಕಾಡನ್ನು ಪ್ರೀತಿಸುವವರೇ. ಗದ್ದಲವನ್ನು ಸಂಖ್ಯೆಯ ಮಿತಿಯಿಂದ ತಡೆಯೋಣ, ದೂರದಿಂದ ಬೇಡ.

ಮ್ಯಾಕ್‌ರಿಚಿ ನಡಿಗೆ (ಸಿಂಗಾಪುರ)

ನ್ಯಾಯವಾದ ಮಾತು. ವೃದ್ಧರು, ಅಂಗವಿಕಲರಿಗಾಗಿ ಬ್ಯಾಟರಿ ವಾಹನ ಇಟ್ಟು, ಉಳಿದವರು ನಡೆಯಲಿ ಎಂದರೆ ಇಬ್ಬರ ಮಾತೂ ಉಳಿಯುತ್ತದೆ.

ಮಂಗಟ್ಟೆ ಕೂಗು (ಶಿರಸಿ)

ಇಷ್ಟು ಹೊತ್ತು ಸೇತುವೆಯ ಮಾತಾಯಿತು, ಮೇಲೆ ಏನಿದೆ ಎಂಬುದನ್ನೂ ನೋಡೋಣ. ಅದು ತಿಳಿಯದಿದ್ದರೆ ಅಷ್ಟು ಎತ್ತರಕ್ಕೆ ಹೋಗಿ ಪ್ರಯೋಜನವಿಲ್ಲ.

ಮಳೆಕಾಡಿನಲ್ಲಿ ಬಿಸಿಲಿನ ಬಹುಪಾಲು ಮೇಲೇ ಖರ್ಚಾಗುತ್ತದೆ. ಎಲೆ, ಹೂ, ಹಣ್ಣು, ಕೀಟ, ಕೀಟ ತಿನ್ನುವ ಹಕ್ಕಿ ಎಲ್ಲವೂ ಅಲ್ಲೇ ಹೆಚ್ಚು. ಟೆರ್ರಿ ಎರ್ವಿನ್ ಎಂಬ ಕೀಟವಿಜ್ಞಾನಿ ಪನಾಮಾದಲ್ಲಿ ಒಂದೇ ಜಾತಿಯ ಮರಗಳ ನೆತ್ತಿಗೆ ಔಷಧಿಯ ಹೊಗೆ ಹಾಯಿಸಿ, ಉದುರಿದ ಜೀರುಂಡೆಗಳನ್ನು ಲೆಕ್ಕ ಹಾಕಿದರು. ಅದರ ಆಧಾರದ ಮೇಲೆ 1982ರಲ್ಲಿ ಉಷ್ಣವಲಯದ ಕಾಡುಗಳಲ್ಲಿ ಕೀಟದಂಥ ಜೀವಿಗಳ ಪ್ರಭೇದಗಳು 3 ಕೋಟಿ ಇರಬಹುದು ಎಂದರು. ಆ ಅಂದಾಜು ಅತಿಯಾಯಿತು ಎಂದು ಮುಂದೆ ಬಂದವರು ಇಳಿಸಿದರು ನಿಜ, ಆದರೆ ವಿಜ್ಞಾನಿಗಳ ಕಣ್ಣು ಮೇಲಕ್ಕೆ ತಿರುಗಿದ್ದು ಆಗಲೇ. ನಮ್ಮ ಹತ್ತಿರದ ಉದಾಹರಣೆ ಬೇಕೆಂದರೆ, ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಸೌಭದ್ರಾ ದೇವಿ ತಮಿಳುನಾಡಿನ ಕಳಕ್ಕಾಡು ಮುಂಡಂದುರೈ ಕಾಡಿನಲ್ಲಿ ಮರಗಳ ನೆತ್ತಿಯನ್ನು ವರ್ಷಗಳ ಕಾಲ ಅಧ್ಯಯನ ಮಾಡಿದವರು. ಅಲ್ಲಿನ ಕಲ್ಲೇನಿಯಾ ಮರದ ಹೂವಿಗೆ ಪರಾಗ ತಲುಪಿಸುವುದರಲ್ಲಿ ಮರವಾಸಿ ಸಸ್ತನಿಗಳ ಪಾತ್ರವೂ ಇದೆ ಎಂದು ತೋರಿಸಿದ್ದು ಇವರೇ. ಕೆಳಗೆ ನಿಂತು ಕತ್ತೆತ್ತಿ ನೋಡಿದ್ದರೆ ಇದು ತಿಳಿಯುವಂಥದ್ದಲ್ಲ.

ಈಗ ಕುವೇಶಿ. ನಮ್ಮ ಘಟ್ಟದ ದೊಡ್ಡ ಮರಗಳು 30 ಮೀಟರ್ ಮೀರಿ ಬೆಳೆಯುತ್ತವೆ. 30 ಅಡಿ ಎಂದರೆ ಸುಮಾರು 9 ಮೀಟರ್. ಅಂದರೆ ನೀವು ಕಾಡಿನ ನೆತ್ತಿಯಲ್ಲಿ ನಡೆಯುತ್ತಿಲ್ಲ, ಸೊಂಟದ ಮಟ್ಟದಲ್ಲಿದ್ದೀರಿ. ಇದು ಕೊರತೆ ಎಂದು ಹೇಳುತ್ತಿಲ್ಲ. ಕೊಂಬೆಗೆ ಅಂಟಿದ ಸೀತಾಳೆ ಗಿಡ, ಹಾವಸೆ, ಕಾಂಡದ ಮೇಲೆ ರೆಕ್ಕೆಪೊರೆ ಮಡಚಿ ಕುಳಿತ ಹಾರುವ ಓತಿ ಇವೆಲ್ಲ ಆ ಮಟ್ಟದಲ್ಲೇ ಕಣ್ಣಿಗೆ ನೇರವಾಗಿ ಸಿಗುತ್ತವೆ. ಅದೃಷ್ಟವಿದ್ದರೆ ಮೇಲಿನ ಕೊಂಬೆಯಲ್ಲಿ ಕೆಂದಳಿಲು. ಹಣ್ಣು ಬಿಟ್ಟ ಬಸರಿ ಅಥವಾ ಅತ್ತಿ ಜಾತಿಯ ಮರ ಸುತ್ತಮುತ್ತ ಇದ್ದರೆ ಅಲ್ಲಿ ಕಾದು ನಿಲ್ಲಿ, ಮಂಗಟ್ಟೆ (ಹಾರ್ನ್‌ಬಿಲ್) ಬಂದೇ ಬರುತ್ತದೆ. ದೊಡ್ಡ ಮಂಗಟ್ಟೆಯ ರೆಕ್ಕೆಯ ಸದ್ದು ಹಕ್ಕಿಗಿಂತ ಮೊದಲು ಬರುತ್ತದೆ.

ಒಂದು ಕೋರಿಕೆ. ಬೇಸಿಗೆಯ ತಿಂಗಳುಗಳಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಮೊಟ್ಟೆಗೆ ಕೂರುತ್ತದೆ. ಕಿರಿದಾದ ಸೀಳಿನ ಮೂಲಕ ಗಂಡು ತಂದುಕೊಡುವ ಹಣ್ಣೇ ಅದಕ್ಕೂ ಮರಿಗಳಿಗೂ ಆಧಾರ. ಗೂಡಿನ ಹತ್ತಿರ ನಿಮ್ಮ ಸದ್ದು ಕೇಳಿ ಗಂಡು ದೂರದಲ್ಲೇ ಉಳಿದರೆ ಒಳಗಿನವು ಹಸಿದಿರುತ್ತವೆ. ಗೂಡು ಕಂಡರೆ ಜಾಲತಾಣದಲ್ಲಿ ಜಾಗ ಹಾಕಬೇಡಿ.

ಹಾಗೆಯೇ ಸಿಂಹಬಾಲದ ಸಿಂಗಳೀಕ ಕಾಣಬಹುದೆಂದು ಕುವೇಶಿಗೆ ಹೋಗಬೇಡಿ. ನಮ್ಮ ಜಿಲ್ಲೆಯಲ್ಲಿ ಅದರ ನೆಲೆ ದಕ್ಷಿಣಕ್ಕೆ, ಅಘನಾಶಿನಿ ಕಣಿವೆಯ ಕಡೆ. 2011ರಲ್ಲಿ ಅದಕ್ಕಾಗಿಯೇ ಒಂದು ಸಂರಕ್ಷಣಾ ಮೀಸಲು ಘೋಷಿಸಿದ್ದಾರೆ. ಅಲ್ಲಿ ಇಂಥ ಸೇತುವೆ ಎಂದೂ ಬಾರದಿರಲಿ.

ಕೆರೆ ಏರಿ (ಮೈಸೂರು)

ಸಿಂಗಳೀಕದ ಮಾತು ಬಂದದ್ದರಿಂದ ಹೇಳುತ್ತೇನೆ, ಅವುಗಳಿಗೇ ಬೇಕಾದ ಮೇಲ್ದಾರಿಯೂ ಇದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವೆ ಉಳಿದ ಕಾಡಿನ ತುಣುಕುಗಳಲ್ಲಿ ಸಿಂಗಳೀಕಗಳಿವೆ. ನಡುವೆ ರಸ್ತೆ ಹಾದು ಕೊಂಬೆಗಳ ಕೊಂಡಿ ಕಡಿದುಹೋದದ್ದರಿಂದ ನೆಲಕ್ಕಿಳಿದು ದಾಟುತ್ತಿದ್ದವು, ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದವು. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಅರಣ್ಯ ಇಲಾಖೆಯ ಜೊತೆಗೂಡಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿತು. ಸಿಂಗಳೀಕಗಳು ಅದನ್ನು ಬಳಸುತ್ತಿವೆ. ಇದಕ್ಕೆ ತಗಲುವ ಹಣ ಪ್ರವಾಸಿಗರ ಸೇತುವೆಯ ಹಣಕ್ಕೆ ಹೋಲಿಸಿದರೆ ಏನೇನೂ ಅಲ್ಲ. ಕ್ಯಾಸಲ್‌ರಾಕ್ ಸುತ್ತ ಅಳಿಲಿಗೂ ಮುಸುವಕ್ಕೂ ಇಂಥದ್ದು ಬೇಕಾದ ಜಾಗಗಳನ್ನು ಮೊದಲು ಗುರುತಿಸಬೇಕು. ಮನುಷ್ಯರ ಸರದಿ ಆಮೇಲೆ.

ಕಾಳಿತೀರ (ದಾಂಡೇಲಿ)

ಇದು ನನಗೆ ಹೊಳೆದೇ ಇರಲಿಲ್ಲ. ರೈಲು ಮಾರ್ಗದ ವಿಚಾರವೂ ಇದರ ಪಕ್ಕದಲ್ಲೇ ಇದೆ: ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಗೆ ಇಳಿಯುವ ಘಟ್ಟದ ಹಳಿಯನ್ನು ಜೋಡಿ ಮಾಡುವ ಯೋಜನೆಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಕಾಡಿನ ಚಾವಣಿ ಎಲ್ಲಿ ಕಡಿಯುತ್ತದೆ ಎಂಬುದನ್ನು ನೋಡುವ ಕಣ್ಣು ಪ್ರವಾಸಿಗನಿಗೂ ಬರಬೇಕು. ಮೇಲೆ ನಿಂತಾಗ ಅದು ನೇರವಾಗಿ ಕಾಣುತ್ತದೆ.

ಗೆಣಸಿನ ಹೊಲ (ಜೋಯಿಡಾ)

ಎಲ್ಲರ ಮಾತನ್ನೂ ಓದಿದೆ. ಒಂದು ಮಾತು ಇನ್ನೂ ಬಂದಿಲ್ಲ, ಅದು ನಮ್ಮದು. ಈ ಕಾಡಿನಲ್ಲಿ ಕುಣಬಿ ಸಮುದಾಯದವರ ಹಳ್ಳಿಗಳಿವೆ. ಹುಲಿ ಯೋಜನೆ ಬಂದ ಮೇಲೆ ಪರಿಹಾರ ಪಡೆದು ಊರು ಬಿಟ್ಟವರಿದ್ದಾರೆ, ಉಳಿದವರಿದ್ದಾರೆ. ಉಳಿದ ಮನೆಗೆ ಕರೆಂಟು, ರಸ್ತೆ ಕೇಳಿದರೆ ಕಾಡಿನ ಕಾನೂನು ಅಡ್ಡ ಬರುತ್ತದೆ. ಪ್ರವಾಸಿಗರಿಗೆ ಕಾಡಿನೊಳಗೆ ಸೇತುವೆ ಬಂತು ಎಂದಾಗ ಹಳ್ಳಿಯ ಹಿರಿಯರ ಮನಸ್ಸಿನಲ್ಲಿ ಏನು ಓಡಿರಬಹುದು, ನೀವೇ ಯೋಚಿಸಿ.

ನಾನು ಸೇತುವೆಯ ವಿರೋಧಿಯಲ್ಲ. ಆದರೆ ಬರುವ ಹಣದಲ್ಲಿ ಹಳ್ಳಿಗೆ ಪಾಲು ಎಷ್ಟು ಎಂಬುದು ಬರಹದಲ್ಲಿ ಇರಬೇಕು. ಉತ್ತರ ಕನ್ನಡದ ಹಲವು ತಾಣಗಳಲ್ಲಿ ಗ್ರಾಮ ಅರಣ್ಯ ಸಮಿತಿಗಳೇ ಶುಲ್ಕ ತೆಗೆದುಕೊಂಡು, ಕಸ ಎತ್ತಿ, ಕಾವಲು ಕಾಯುತ್ತವೆ. ಅದೇ ದಾರಿ. ಮಾರ್ಗದರ್ಶಿಗಳು ಹಳ್ಳಿಯವರೇ ಆಗಲಿ. ಯಾವ ಮರ ಯಾವಾಗ ಹಣ್ಣು ಬಿಡುತ್ತದೆ, ಯಾವ ಹಣ್ಣಿಗೆ ಯಾರು ಬರುತ್ತಾರೆ ಎಂದು ನಮ್ಮ ತಂದೆಯ ತಲೆಮಾರಿನವರಿಗೆ ಗೊತ್ತು. ಅದನ್ನು ತರಬೇತಿ ಕೊಟ್ಟು ಕಲಿಸಲು ಎಷ್ಟು ವರ್ಷ ಬೇಕು? ಘಾನಾ, ಆಸ್ಟ್ರೇಲಿಯಾ ಎಂದಿರಿ, ಸಂತೋಷ. ಅಲ್ಲಿ ಕಾಡಿನ ಮೂಲ ಜನ ಆ ದಾರಿಯಲ್ಲಿ ಯಾವ ಕೆಲಸದಲ್ಲಿದ್ದಾರೆ ಎಂಬುದನ್ನೂ ನೋಡಿಕೊಂಡು ಬನ್ನಿ.

ಬರುವವರಿಗೆ ನನ್ನ ಮಾತು ಇಷ್ಟೇ: ಊಟ ಡಬ್ಬಿಯಲ್ಲಿ ತರಬೇಡಿ, ನಮ್ಮಲ್ಲಿ ತಿನ್ನಿ. ಜೋಯಿಡಾದಲ್ಲಿ ಪ್ರತಿವರ್ಷ ಗೆಡ್ಡೆ ಗೆಣಸಿನ ಮೇಳವೇ ನಡೆಯುತ್ತದೆ, ಅಷ್ಟು ಬಗೆ ನಮ್ಮ ಹೊಲದಲ್ಲಿವೆ. ಮಳೆ ನಿಂತ ಹೊಸತರಲ್ಲಿ ಉಂಬಳ ಹತ್ತುತ್ತದೆ, ಹೆದರಬೇಡಿ, ಸುಣ್ಣವೋ ಉಪ್ಪೋ ಜೊತೆಗಿರಲಿ.

ಉಕ್ಕಿನ ಹಗ್ಗ (ಹುಬ್ಬಳ್ಳಿ)

ಗೆಣಸಿನ ಹೊಲ ಅವರ ಮಾತಿಗೆ ನನ್ನ ಪೂರ್ಣ ಬೆಂಬಲ. ನಿರ್ವಹಣೆಯ ಕೆಲಸವನ್ನೂ ಹಳ್ಳಿಯ ಯುವಕರಿಗೇ ಕಲಿಸಬಹುದು. ಮರ ಹತ್ತಬಲ್ಲವರು, ಮರದ ಕೊಳೆತವನ್ನು ತಟ್ಟಿ ಗುರುತಿಸಬಲ್ಲವರು ಅವರೇ. ಹಗ್ಗದ ಎಳೆ ತುಂಡಾದದ್ದು, ಕ್ಲಾಂಪ್ ತುಕ್ಕು ಹಿಡಿದದ್ದನ್ನು ಗುರುತಿಸುವುದನ್ನು ನಾವು ಕಲಿಸುತ್ತೇವೆ.

ಹಸಿರು ಕಿಟಕಿ (ಬೆಂಗಳೂರು)

ನಾನು ಎಲ್ಲರಿಗಿಂತ ಬೇರೆ ನಿಲುವಿನವಳು. ಹುಲಿ ಕಾಡಿನ ಒಳಗೆ ಇನ್ನೊಂದೂ ಬೇಡ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿಯ ಪ್ರಕಾರ ಹುಲಿ ಮೀಸಲಿನ ಮೂಲ ಪ್ರದೇಶದ ಶೇ 20ಕ್ಕಿಂತ ಹೆಚ್ಚು ಭಾಗದಲ್ಲಿ ಪ್ರವಾಸೋದ್ಯಮ ಇರಬಾರದು. ಆ ಮಿತಿಯ ಒಳಗೇ ಇದ್ದೇವೆ ಎಂದು ಹೇಳಿಕೊಂಡು ಅದನ್ನು ತುಂಬಿಸುತ್ತಾ ಹೋಗುವ ಮನಸ್ಸು ನನಗೆ ಭಯ ತರಿಸುತ್ತದೆ.

ಮರದ ಮೇಲಿನ ನಡಿಗೆಯ ಆಸೆ ನಗರದವರಿಗೆ ಇದೆ ಎಂದಾದರೆ ನಗರದಲ್ಲೇ ಕಟ್ಟಿ. ಮುಂಬೈನ ಮಲಬಾರ್ ಹಿಲ್‌ನಲ್ಲಿ 2025ರಲ್ಲಿ ಮರಗಳ ನಡುವೆ ಎತ್ತರದ ನಡಿಗೆದಾರಿ ತೆರೆದರು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ 2008ರಿಂದ 18 ಮೀಟರ್ ಎತ್ತರದ ದಾರಿ ಇದೆ, ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಕಿರ್ಸ್ಟನ್‌ಬಾಷ್ ಸಸ್ಯೋದ್ಯಾನದಲ್ಲಿ 2014ರಿಂದ ಹಾವಿನಂತೆ ಬಳುಕುವ 130 ಮೀಟರ್ ದಾರಿ ಇದೆ. ಯಾವುದೂ ಹುಲಿಯ ಮನೆಯಲ್ಲಿಲ್ಲ. ಶಾಲೆಯ ಮಕ್ಕಳು ಬಸ್ಸಿನಲ್ಲಿ ಬಂದು ನೋಡಿ ಹೋಗಬಹುದು.

ಮಂಗಟ್ಟೆ ಕೂಗು (ಶಿರಸಿ)

ನಗರದಲ್ಲೂ ಇರಲಿ ಮೇಡಂ, ಆದರೆ ಒಂದು ಅಡ್ಡಿ. ಸಸ್ಯೋದ್ಯಾನದಲ್ಲಿ ಮರ ನೋಡಿದ ಮಗು ಮರವನ್ನು ಪ್ರೀತಿಸುತ್ತದೆ, ಕಾಡು ಎಂದರೆ ಏನೆಂದು ಅಲ್ಲಿ ತಿಳಿಯುವುದಿಲ್ಲ. ಕಾಳಿ ಕಣಿವೆಯ ಪರವಾಗಿ ನಾಳೆ ಧ್ವನಿ ಎತ್ತುವವರು ಅದನ್ನು ಒಮ್ಮೆಯಾದರೂ ಕಂಡಿರಬೇಕು. ಹೊಸದು ಬೇಡ ಎಂಬುದಕ್ಕೆ ನನ್ನ ಸಹಮತವಿದೆ. ಇರುವುದನ್ನು ಚೆನ್ನಾಗಿ ನಡೆಸಲಿ.

ಹಸಿರು ಕಿಟಕಿ (ಬೆಂಗಳೂರು)

ಹೊಸದು ಬೇಡ ಎಂಬುದಷ್ಟು ಒಪ್ಪಿದಿರಲ್ಲ, ನನಗೆ ಸದ್ಯಕ್ಕೆ ಸಾಕು.

ಕಾಳಿತೀರ (ದಾಂಡೇಲಿ)

ಇಲ್ಲಿ ಬಂದ ವಿಚಾರಗಳನ್ನು ಸೇರಿಸಿ ವಲಯ ಅರಣ್ಯ ಅಧಿಕಾರಿಯವರ ಕಚೇರಿಗೆ ಒಂದು ಮನವಿ ಬರೆಯುತ್ತಿದ್ದೇನೆ. ಒಮ್ಮೆಗೆ ಎಷ್ಟು ಜನ ಎಂಬ ಮಿತಿ, ಒಂದೇ ದಿಕ್ಕಿನ ನಡಿಗೆ, ವಾರಕ್ಕೊಂದು ರಜೆ, ಮಂಗಟ್ಟೆ ಗೂಡು ಕಟ್ಟುವ ಕಾಲದಲ್ಲಿ ಬಿಗಿ ನಿಯಮ, ಗ್ರಾಮ ಅರಣ್ಯ ಸಮಿತಿಗೆ ಬರಹದಲ್ಲಿ ಪಾಲು, ಪ್ರತಿವರ್ಷ ಮರ ಮತ್ತು ಹಗ್ಗದ ತಪಾಸಣೆಯ ವರದಿಯನ್ನು ಬಾಗಿಲಲ್ಲೇ ಅಂಟಿಸುವುದು. ಅಳಿಲು, ಮುಸುವಗಳ ಮೇಲ್ದಾರಿಗೆ ಜಾಗ ಗುರುತಿಸುವ ಕೋರಿಕೆಯನ್ನು ಪ್ರತ್ಯೇಕ ಪತ್ರವಾಗಿ ಬರೆಯುವುದು ಒಳ್ಳೆಯದು. ಕೆರೆ ಏರಿ ಅವರೇ, ಅದನ್ನು ನೀವು ಬರೆದುಕೊಡುತ್ತೀರಾ?

ಹೋಗುವವರಿಗೆ: ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬರುವವರು ಲೋಂಡಾ ಮಾರ್ಗದ ರೈಲಿನಲ್ಲಿ ಕ್ಯಾಸಲ್‌ರಾಕ್‌ಗೆ ಇಳಿಯಬಹುದು. ಪ್ರವೇಶ ತೆರೆದಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡೇ ಹೊರಡಿ, ಮಳೆಗಾಲದಲ್ಲಿ ಮುಚ್ಚಿರುತ್ತದೆ.

ಕೆರೆ ಏರಿ (ಮೈಸೂರು)

ಖಂಡಿತ ಬರೆಯುತ್ತೇನೆ. ಭಾನುವಾರದೊಳಗೆ ಕರಡು ಇಲ್ಲೇ ಹಾಕುತ್ತೇನೆ. ಗೆಣಸಿನ ಹೊಲ ಅವರೇ, ಅಳಿಲು ಮತ್ತು ಮುಸುವಗಳು ರಸ್ತೆಗೆ ಇಳಿದು ದಾಟುವ ಜಾಗಗಳು ನಿಮ್ಮ ಕಡೆಯವರಿಗೆ ತಿಳಿದಿರುತ್ತವೆ. ದಯವಿಟ್ಟು ಅದರ ಪಟ್ಟಿ ಕೊಡಿ.

ಗೆಣಸಿನ ಹೊಲ (ಜೋಯಿಡಾ)

ಕೊಡುತ್ತೇನೆ. ನಮ್ಮ ಊರಿನ ತಿರುವಿನಲ್ಲೇ ಅಂಥ ಒಂದು ಜಾಗ ಇದೆ, ರಸ್ತೆ ಅಗಲ ಮಾಡುವಾಗ ಅಲ್ಲಿನ ಎರಡು ಮತ್ತಿ ಮರಗಳನ್ನು ಕಡಿದರು. ಅದನ್ನೇ ಮೊದಲು ಬರೆದುಕೊಳ್ಳಿ.